ಹವ್ಯಾಸದ ಮುಂದೆ ಒಂದು ಗೀಟು: ಅರವತ್ತೊಂದರಲ್ಲಿ ಪತ್ತೆಯಾದ ಕಿವಿಯ ಪ್ರಕರಣ

ನಿವೃತ್ತರಾದವರ ಜೊತೆ ಕೆಲಸ ಮಾಡುವುದು ನನ್ನ ವೃತ್ತಿ. ವಾರಕ್ಕೆರಡು ದಿನ ಸೇರುವ ಗುಂಪು, ಚಿತ್ರ, ಹಾಡು, ಕಥೆ, ಒಂದಿಷ್ಟು ಹರಟೆ. ಹೊಸದೇನಾದರೂ ಕಲಿಯಲಿ, ಒಳಗೆ ಇರುವುದು ಹೊರಗೆ ಬರಲಿ ಎಂಬುದು ಉದ್ದೇಶ. ನಾವು ಹುಡುಕಿದ ಕಡೆಯಲ್ಲೆಲ್ಲ ಏನೂ ಸಿಗದೆ, ನೋಡದ ಕಡೆ ಸಿಕ್ಕ ಒಂದು ಪ್ರಸಂಗವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಹತ್ತುವ ವಿವರಗಳಲ್ಲಿ ಕೆಲವನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಗುಂಪಿನಲ್ಲಿ ಎಲ್ಲರೂ ಅವರನ್ನು ‘ಅಕ್ಕ’ ಎನ್ನುತ್ತಿದ್ದರು, ಇಲ್ಲೂ ಹಾಗೇ ಇರಲಿ. ಬರೆದದ್ದನ್ನು ಓದಿ ಹೇಳಿದಾಗ ಅವರು ಮಾಡಿಸಿದ ತಿದ್ದುಪಡಿ ಒಂದೇ: “ಪ್ರತಿಭೆ ಪ್ರತಿಭೆ ಅಂತ ಎಷ್ಟು ಸಲ ಬರ್ದಿದ್ದೀರಾ ಮೇಡಂ, ಅರ್ಧ ತೆಗೀರಿ.” ತೆಗೆದಿದ್ದೇನೆ.

ಹಿನ್ನೆಲೆ

ಬಂದಾಗ ಅಕ್ಕನಿಗೆ 61. ಮೋಟರು ತಯಾರಿಸುವ ಕಾರ್ಖಾನೆಯಲ್ಲಿ 33 ವರ್ಷ ದುಡಿದವರು. ಮೊದಲ ಆರು ವರ್ಷ ವೈಂಡಿಂಗ್ ವಿಭಾಗ, ಉಳಿದ 27 ವರ್ಷ ಶಬ್ದ ಪರೀಕ್ಷೆಯ ಬೆಂಚು. ಜೋಡಣೆಯಾಗಿ ಬಂದ ಮೋಟರನ್ನು ಬೆಂಚಿಗೆ ಕೂರಿಸಿ, ಕರೆಂಟು ಕೊಟ್ಟು, ಓಡುವ ಸದ್ದು ಕೇಳಿ ಪಾಸೋ ಫೇಲೋ ಎಂದು ಹೇಳುವುದು ಅಲ್ಲಿನ ಕೆಲಸ. ಅನುಮಾನ ಬಂದರೆ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಕವರಿಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ ಕೇಳಬೇಕು. ಗ್ರೀಸ್ ಒಣಗಿದ ಸದ್ದು ಬೇರೆ, ಗುಂಡು ಸವೆದ ಸದ್ದು ಬೇರೆ, ಕವರಿನ ತಿರುಪು ಸಡಿಲವಾದ ಸದ್ದೇ ಬೇರೆ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಬಹಳ ತಡವಾಗಿ. ಏಕೆಂದರೆ ನಾವು ಕೇಳಿರಲಿಲ್ಲ.

ಗುಂಪಿಗೆ ಸೇರಿಸಿದ್ದು ಮಗಳು. ಸೇರುವಾಗ ತುಂಬುವ ಅರ್ಜಿಯಲ್ಲಿ ‘ಹಿಂದಿನ ಉದ್ಯೋಗ’ ಎಂಬ ಕಡೆ ಅಕ್ಕ ಬರೆದದ್ದು ‘ಕಾರ್ಖಾನೆ’ ಎಂಬ ಒಂದು ಪದ. ‘ಹವ್ಯಾಸಗಳು’ ಎಂಬಲ್ಲಿ ಒಂದು ಗೀಟು. ‘ಕಲಿಯಬೇಕೆಂದಿರುವ ವಿಷಯ’ ಎಂಬಲ್ಲೂ ಗೀಟು. ಅದೇ ಹೊತ್ತಿಗೆ ಅವರ ಶ್ರವಣ ಪರೀಕ್ಷೆಯೂ ಆಗಿತ್ತು. 2000 ಹರ್ಟ್ಸ್‌ವರೆಗೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಇಷ್ಟು ಕಂಪನ, ಅಂಕಿ ಏರಿದಂತೆ ಸ್ವರವೂ ಏರುತ್ತದೆ) ಹೆಚ್ಚುಕಡಿಮೆ ಸರಿ, 4000ದ ಆಸುಪಾಸಿನಲ್ಲಿ ಕೇಳುವ ಶಕ್ತಿಯಲ್ಲಿ ದೊಡ್ಡ ತಗ್ಗು. ವರ್ಷಗಟ್ಟಲೆ ಗದ್ದಲದಲ್ಲಿ ದುಡಿದವರ ಕಿವಿಯಲ್ಲಿ ಸಾಮಾನ್ಯವಾಗಿ ಕಾಣುವ ತಗ್ಗು ಅದು. “ಇದ್ದದ್ದೊಂದು ಕಿವಿ, ಅದೂ ಹೋಯ್ತು” ಎಂದು ಮೊದಲ ದಿನವೇ ನಕ್ಕರು. ಆ ಮಾತನ್ನು ನಾನು ಬರೆದುಕೊಂಡಿದ್ದೆ, ಆದರೆ ಬೇಸರದ ಮಾತು ಎಂಬ ಲೆಕ್ಕದಲ್ಲಿ. ‘ಇದ್ದದ್ದೊಂದು’ ಎಂಬಲ್ಲಿ ಇನ್ನೇನೋ ಇದೆ ಅಂತ ನನಗೆ ಹೊಳೆಯಲಿಲ್ಲ.

ಏನೇನು ಮಾಡಿ ನೋಡಿದೆವು

ಆರು ವಾರ ಚಿತ್ರಕಲೆ. ಅಚ್ಚುಕಟ್ಟಾಗಿ ಗೆರೆ ಎಳೆದರು, ಹೇಳಿದ ಬಣ್ಣ ತುಂಬಿದರು, ಮನಸ್ಸು ಅಲ್ಲಿರಲಿಲ್ಲ. ಕಥೆ ಹೇಳುವ ಗುಂಪಿನಲ್ಲಿ ಎರಡು ದಿನ ಸುಮ್ಮನೆ ಕೂತರು. ಆಮೇಲೆ ಸಾಮೂಹಿಕ ಗಾಯನ.

ಇಲ್ಲಿ ಎಡವಟ್ಟಾಯಿತು. ಅಕ್ಕನ ಗಂಟಲು ಶ್ರುತಿಗೆ ನಿಲ್ಲುತ್ತಿರಲಿಲ್ಲ. ಹಾಡಿಸುವ ಟೀಚರು ಒಳ್ಳೆಯವರೇ, ಆದರೆ ಮೂರನೆಯ ವಾರ ಎಲ್ಲರೆದುರು “ನೀವು ಸ್ವಲ್ಪ ಮೆಲ್ಲಗೆ ಹಾಡಿ ಅಮ್ಮ” ಅಂದುಬಿಟ್ಟರು. ಅಕ್ಕ ಹಾಡುವುದನ್ನೇ ನಿಲ್ಲಿಸಿ ಗೋಡೆಗೆ ಒರಗಿ ಕೂತರು. ಮುಗಿದ ಮೇಲೆ ಚೀಲ ಹೆಗಲಿಗೇರಿಸಿ ಹೊರಡುವಾಗ ಹಾರ್ಮೋನಿಯಂನ ಒಂದು ಮನೆಯ (ಬೆರಳಿನಿಂದ ಒತ್ತುವ ಪಟ್ಟಿಯ) ಕಡೆ ಕೈ ತೋರಿಸಿ ನನಗೆ ಹೇಳಿದರು:

“ಆ ಪೆಟ್ಟಿಗೇಲಿ ಒಂದು ಮನೆ ಅಲುಗ್ತಿದೆ. ಅದೊತ್ತಿದಾಗೆಲ್ಲ ಒಳಗೆ ಎರಡು ಜಗಳ ಆಡ್ತವೆ. ಅದಕ್ಕೇ ನನ್ನ ಗಂಟಲು ಅತ್ತಿತ್ತ ಆಗೋದೇನೋ.”

ಕೊನೆಯ ವಾಕ್ಯ ನೆಪದಂತೆ ಕೇಳಿಸಿತು. (ನೆಪವೇ ಅದು, ಆಮೇಲೆ ಅವರೇ ಒಪ್ಪಿದರು.) ಟೀಚರು ಆ ಮನೆಯನ್ನು ಒತ್ತಿ ತೋರಿಸಿದರು, “ಸರಿಯಾಗೇ ಇದೆಯಲ್ಲ?” ನನಗೂ ಸರಿಯಾಗೇ ಕೇಳಿಸಿತು. ಮುಂದಿನ ವಾರದಿಂದ ಅಕ್ಕ ಬರಲಿಲ್ಲ.

ತಿರುವು

ಐದು ವಾರದ ಬಳಿಕ ಹಾರ್ಮೋನಿಯಂ ದುರಸ್ತಿ ಮಾಡುವ ಹಿರಿಯರು ವರ್ಷದ ಸರ್ವಿಸಿಗೆ ಬಂದರು. ಪೆಟ್ಟಿಗೆ ಬಿಚ್ಚಿ, ರೀಡುಗಳ ಮೇಲಿನ ಧೂಳು ಹೊಡೆದು, ಒಂದೊಂದೇ ಮನೆ ಒತ್ತುತ್ತ ಹೋದವರು ಒಂದರ ಹತ್ತಿರ ನಿಂತರು. “ಇದೊಂದು ಚೂರು ಇಳಿದಿದೆ.” ಅದು ಅಕ್ಕ ತೋರಿಸಿದ್ದ ಮನೆ. ಎಷ್ಟು ಇಳಿದಿದೆ ಎಂದು ಕೇಳಿದೆ. “ಕೂದಲೆಳೆಯಷ್ಟು. ನಮ್ಮಂಥೋರಿಗೆ ಬಿಟ್ರೆ ಯಾರಿಗೂ ಗೊತ್ತಾಗಲ್ಲ” ಎಂದರು.

ಇಲ್ಲಿ ಸ್ವಲ್ಪ ಒಳಗಿನ ವಿವರ ಬೇಕು. ಸಾಮಾನ್ಯ ಜೋಡಿ ರೀಡಿನ ಪೆಟ್ಟಿಗೆಯಲ್ಲಿ ಒಂದು ಮನೆ ಒತ್ತಿದರೆ ಎರಡು ಹಿತ್ತಾಳೆ ನಾಲಗೆಗಳು ಒಟ್ಟಿಗೆ ನುಡಿಯುತ್ತವೆ. ಎರಡೂ ಕರಾರುವಾಕ್ಕಾಗಿ ಹೊಂದಿದ್ದರೆ ಒಂದೇ ನೇರ ದನಿ. ಒಂದು 440 ಹರ್ಟ್ಸ್‌ನಲ್ಲಿ, ಇನ್ನೊಂದು 442ರಲ್ಲಿ ನುಡಿದರೆ ದನಿ ಸೆಕೆಂಡಿಗೆ ಎರಡು ಬಾರಿ ಉಬ್ಬಿ ಇಳಿಯುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಬೀಟ್ಸ್ ಎಂದು ಹೆಸರು. ಅಕ್ಕನ ಭಾಷೆಯಲ್ಲಿ ‘ಅಲುಗೋದು’. ಆಗಿದ್ದ ವ್ಯತ್ಯಾಸ ಅದಕ್ಕಿಂತಲೂ ಕಡಿಮೆ, ಎರಡು ಸೆಕೆಂಡಿಗೆ ಒಂದು ಉಬ್ಬು. ಹಾಡಿನ ನಡುವೆ ಒಂದು ಮನೆಯನ್ನು ಎರಡು ಸೆಕೆಂಡು ಒತ್ತಿ ಹಿಡಿಯುವುದು ಕಡಿಮೆ. ಹಾಗಿದ್ದೂ ಅವರು ಹಿಡಿದಿದ್ದರು.

ಅಂದು ಸಂಜೆ ಫೋನು ಮಾಡಿದೆ. ಕ್ಷಮೆ ಕೇಳುವುದೋ, ಸುದ್ದಿ ಹೇಳುವುದೋ ಎಂದು ಗೊಂದಲವಿತ್ತು, ಎರಡನ್ನೂ ಮಾಡಿದೆ. ಅಕ್ಕನಿಗೆ ಅಚ್ಚರಿಯೇನೂ ಆಗಲಿಲ್ಲ. “ಅಲುಗ್ತಿತ್ತಲ್ಲ ಮೇಡಂ” ಎಂದಷ್ಟೇ ಅಂದರು.

ಈ ಹಂತದಲ್ಲಿ ನಾನು ತೆಗೆದುಕೊಂಡ ನಿರ್ಧಾರವೊಂದು ಮುಖ್ಯವಾಯಿತು ಅನ್ನಿಸುತ್ತದೆ. ‘ನಿಮ್ಮಲ್ಲಿ ಸಂಗೀತದ ಕಿವಿ ಇದೆ, ವಾದ್ಯ ಕಲಿಯಿರಿ’ ಎಂದು ಹುರಿದುಂಬಿಸುವುದು ಸುಲಭವಿತ್ತು. ಒಂದು ಸಲ ಗುರಿ ತಪ್ಪಿದ್ದೆನಲ್ಲ, ಆದ್ದರಿಂದ ಮೊದಲು ಪರೀಕ್ಷೆ ಮಾಡೋಣ ಎಂದುಕೊಂಡೆ. ಇನ್ನೊಂದು ಹಳೆಯ ಪೆಟ್ಟಿಗೆ ತಂದೆವು, ಮೂರೂವರೆ ಸ್ಥಾಯಿಯದು (ಒಂದು ಸ್ಥಾಯಿಗೆ ಹನ್ನೆರಡು ಮನೆ), 42 ಮನೆ. ನಾನು ಒಂದೊಂದೇ ಒತ್ತುವುದು, ಅಕ್ಕ ಬೆನ್ನು ಹಾಕಿ ಕೂತು ‘ಪಾಸ್’ ಅಥವಾ ‘ಫೇಲ್’ ಎನ್ನುವುದು. ಆ ಎರಡು ಪದ ಅವರವೇ. ಏಳು ಮನೆ ಫೇಲಾದವು. ಫೋನಿನಲ್ಲಿರುವ ಶ್ರುತಿ ಅಳೆಯುವ ಆ್ಯಪ್ ಹಿಡಿದು ನೋಡಿದಾಗ ಆರರಲ್ಲಿ ವ್ಯತ್ಯಾಸ ಕಂಡಿತು. ಏಳನೆಯದನ್ನು ಆ್ಯಪ್ ಸರಿ ಎಂದಿತು. “ಇದು ಬೇರೆ ಥರದ್ದು, ಏನೋ ಮುಟ್ಟುತ್ತಿದೆ” ಎಂದು ಅಕ್ಕ ಪಟ್ಟು ಹಿಡಿದರು. ಬಿಚ್ಚಿ ನೋಡಿದರೆ ರೀಡಿನ ಅಂಚಿಗೂ ಅದರ ಚೌಕಟ್ಟಿಗೂ ನಡುವೆ ಒಂದು ಬಿಳಿ ಕೂದಲು ಸಿಕ್ಕಿಕೊಂಡಿತ್ತು. ಯಾರದೋ ಏನೋ. ಚಿಮುಟದಲ್ಲಿ ಎಳೆದು ತೆಗೆದು ಬೆಳಕಿಗೆ ಹಿಡಿದು ನೋಡಿ, ಅದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಕಾರ್ಖಾನೆಯಲ್ಲಿ ಫೇಲಾದ ಭಾಗವನ್ನು ಹಾಗೆ ತೆಗೆದಿಡುವ ಪದ್ಧತಿಯಂತೆ.

ಆಗ ಮೊದಲ ಬಾರಿಗೆ ಕೆಲಸದ ಬಗ್ಗೆ ವಿವರವಾಗಿ ಕೇಳಿದೆ. ಅಕ್ಕಪಕ್ಕದ ಬೆಂಚುಗಳಲ್ಲಿ ಎರಡು ಮೋಟರು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುವಾಗ ಗುಂಯ್‌ಗಾಟ ನಿಧಾನವಾಗಿ ಏರಿ ಇಳಿಯುತ್ತದೆ. ಅದರ ಲಯ ಕೇಳಿಯೇ ವೇಗದ ವ್ಯತ್ಯಾಸ ಎಷ್ಟು ಎಂದು ಅವರು ಅಂದಾಜು ಮಾಡುತ್ತಿದ್ದರು. ಹಾರ್ಮೋನಿಯಂ ಒಳಗಿನ ಜಗಳವೂ ಅದೇ. 27 ವರ್ಷ ಕೇಳಿದ್ದನ್ನೇ ಇನ್ನೊಂದು ಪೆಟ್ಟಿಗೆಯಲ್ಲಿ ಕೇಳಿದ್ದರು, ಅಷ್ಟೆ.

ಶ್ರವಣ ಪರೀಕ್ಷೆಯ ತಗ್ಗು? ಆ ಪೆಟ್ಟಿಗೆಯ ಮೂಲ ಸ್ವರಗಳು ಸುಮಾರು 65ರಿಂದ 1400 ಹರ್ಟ್ಸ್ ಒಳಗೆ ಇದ್ದವು. ಅವರ ಕಿವಿ ಹಾಳಾಗಿದ್ದದ್ದು ಅದಕ್ಕಿಂತ ಬಹಳ ಮೇಲೆ. ಮೊಮ್ಮಗುವಿನ ಮಾತಿನಲ್ಲಿ ‘ಸ’, ‘ಶ’ ತಪ್ಪಿಹೋಗುತ್ತಿದ್ದವು. ರೀಡು ತಪ್ಪುತ್ತಿರಲಿಲ್ಲ.

ಕಲಿಕೆ, ಮತ್ತೆ ಒಂದು ಸೋಲು

ದುರಸ್ತಿ ಮಾಡುವ ಹಿರಿಯರು ಮೊದಲು ಒಪ್ಪಲಿಲ್ಲ. “ಈ ವಯಸ್ಸಲ್ಲಿ ಯಾಕಮ್ಮ ಈ ಧೂಳಿನ ಕೆಲಸ?” ಎಂದರು. ಅಕ್ಕ ವಾದ ಮಾಡಲಿಲ್ಲ. ಅವರು ಆಗಷ್ಟೇ ಮುಗಿಸಿಟ್ಟಿದ್ದ ಪೆಟ್ಟಿಗೆಯ ಮುಂದೆ ಕೂತು, ತಿದಿ ಹಾಕುತ್ತ, ಒಂದು ಮನೆ ಒತ್ತಿ ಹಿಡಿದು ಅವರ ಮುಖ ನೋಡಿದರು. ಅವರೂ ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ, “ನಾಳೆ ಹತ್ತಕ್ಕೆ ಬನ್ನಿ” ಎಂದರು.

ರೀಡಿನ ತುದಿಯನ್ನು ಕೆರೆದರೆ ತೂಕ ಇಳಿದು ಸ್ವರ ಏರುತ್ತದೆ. ಬುಡದ ಹತ್ತಿರ ಕೆರೆದರೆ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಕೆರೆದ ಕೂಡಲೇ ನಂಬಬಾರದು, ಲೋಹ ತಣಿದು ಕೂರಲು ಬಿಟ್ಟು ಮತ್ತೆ ಕೇಳಬೇಕು. ತಿಳಿಯಲು ಐದು ನಿಮಿಷ ಸಾಕು, ಕೈಗೆ ಬರಲು ತಿಂಗಳುಗಳು ಬೇಕು. ಮೊದಲ ತಿಂಗಳಲ್ಲಿ ಅಕ್ಕ ಒಂಬತ್ತು ರೀಡು ಹಾಳು ಮಾಡಿದರು. ಕಿವಿ ಎಷ್ಟೇ ಮುಂದಿದ್ದರೂ ಬೆರಳು ಹೊಸದು, ಕಣ್ಣಿಗೆ ಭೂತಗನ್ನಡಿ ಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ತಡವಾಗಿ ಸಿಕ್ಕ ಸಾಮರ್ಥ್ಯದ ಕಥೆಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

ದೊಡ್ಡ ಸೋಲು ಬಂದದ್ದು ಕಿವಿಯ ಕಡೆಯಿಂದಲೇ. ಗುರುಗಳು ಒಂದು ಗುಜರಿ ಪೆಟ್ಟಿಗೆ ಕೊಟ್ಟು “ಪೂರ್ತಿ ನೀವೇ ಶ್ರುತಿ ಮಾಡಿ” ಎಂದರು. ಅಕ್ಕ ಷಡ್ಜದಿಂದ (ಸ) ಪಂಚಮ (ಪ), ಆ ಪಂಚಮದಿಂದ ಅದರ ಪಂಚಮ ಎಂದು ಒಂದೊಂದೇ ಕೂಡಿಸುತ್ತ ಹೋದರು. ಪ್ರತಿ ಜೋಡಿಯಲ್ಲೂ ಅಲುಗಾಟ ಸಂಪೂರ್ಣ ನಿಲ್ಲುವ ತನಕ ಕೆರೆದರು. ಹನ್ನೊಂದು ದಿನದ ಕೆಲಸ. ಹನ್ನೆರಡನೆಯ ಜೋಡಿಯಲ್ಲಿ ಸುತ್ತು ಮುಗಿದು ಮೊದಲಿನ ಮನೆಗೆ ಬಂದಾಗ ಪೆಟ್ಟಿಗೆ ಕೂಗಿಕೊಂಡಿತು. ಅಷ್ಟು ಕೆಟ್ಟ ಸದ್ದು ನಾನು ಕೇಳಿಲ್ಲ.

ತಪ್ಪು ಅವರದಲ್ಲ, ಗಣಿತದ್ದು. ಶುದ್ಧ ಪಂಚಮ ಎಂದರೆ ಎರಡು ಸ್ವರಗಳ ಕಂಪನಗಳ ನಡುವೆ 3:2ರ ಅನುಪಾತ. ಅಂಥ ಹನ್ನೆರಡು ಹೆಜ್ಜೆ ಏರಿದರೆ ಏಳು ಸ್ಥಾಯಿಗೆ ಸರಿಯಾಗಿ ಬಂದು ನಿಲ್ಲುವುದಿಲ್ಲ. ಅಕ್ಕಪಕ್ಕದ ಎರಡು ಮನೆಗಳ ಅಂತರವನ್ನು 100 ಸೆಂಟ್ ಎಂದು ಇಟ್ಟುಕೊಂಡರೆ, ಸುಮಾರು 23.5 ಸೆಂಟ್ ಮೇಲಕ್ಕೆ ಹೋಗಿಬಿಡುತ್ತದೆ. ಪೈಥಾಗರಸ್ ಹೆಸರಿನಲ್ಲಿ ಕರೆಯುವ ಈ ಹೆಚ್ಚುವರಿ ಚೂರು ಎಲ್ಲಾದರೂ ಒಂದು ಕಡೆ ಬಂದೇ ಬರುತ್ತದೆ. ಈಗಿನ ಸಮ ಅಂತರದ ಪದ್ಧತಿಯಲ್ಲಿ ಅದನ್ನು ಹನ್ನೆರಡೂ ಪಂಚಮಗಳಿಗೆ ಹಂಚಿ, ಒಂದೊಂದನ್ನೂ ಸುಮಾರು ಎರಡು ಸೆಂಟ್ ಕುಗ್ಗಿಸುತ್ತಾರೆ. ಅಂದರೆ ಸರಿಯಾಗಿ ಶ್ರುತಿ ಮಾಡಿದ ಪೆಟ್ಟಿಗೆಯಲ್ಲಿ ಪಂಚಮ ಸ್ವಲ್ಪ ಅಲುಗಲೇಬೇಕು. ನಡು ಸ್ಥಾಯಿಯ ಮೊದಲ ಬಿಳಿ ಮನೆ ಮತ್ತು ಅದರ ಪಂಚಮವನ್ನು ಒಟ್ಟಿಗೆ ಒತ್ತಿದರೆ ಹತ್ತು ಸೆಕೆಂಡಿಗೆ ಸುಮಾರು ಒಂಬತ್ತು ಅಲೆ.

ಅಕ್ಕನಿಗೆ ಇದು ನುಂಗಲಾರದ ತುತ್ತಾಯಿತು. 27 ವರ್ಷ ಅಲುಗಾಟವೆಂದರೆ ಫೇಲ್. ಈಗ ಯಾರೋ ಬಂದು ‘ಇಷ್ಟು ಅಲುಗಿದರೆ ಪಾಸ್’ ಎನ್ನುತ್ತಿದ್ದಾರೆ. ಎರಡು ವಾರ ಅತ್ತ ಸುಳಿಯಲಿಲ್ಲ. ಬಿಡುತ್ತಾರೆ ಎಂದೇ ಭಾವಿಸಿದೆ. ಒಂದು ಬೆಳಿಗ್ಗೆ ಸೆಕೆಂಡು ಮುಳ್ಳಿರುವ ಗೋಡೆ ಗಡಿಯಾರವೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದರು. “ಲಿಮಿಟ್ ಎಷ್ಟು ಅಂತ ಹೇಳಿ ಮೇಷ್ಟ್ರೇ, ಅಷ್ಟಕ್ಕೆ ನಿಲ್ಲಿಸ್ತೀನಿ. ನಮ್ಮಲ್ಲೂ ಲಿಮಿಟ್ ಇರ್ತಿತ್ತು.” ಕಾರ್ಖಾನೆಯಲ್ಲೂ ಸೊನ್ನೆ ಸದ್ದಿನ ಮೋಟರು ಇರುವುದಿಲ್ಲವಲ್ಲ, ಇಷ್ಟರವರೆಗೆ ನಡೆಯುತ್ತದೆ ಎಂಬ ಮಿತಿ ಇರುತ್ತದೆ. ಅದನ್ನು ಅವರೇ ನೆನೆದುಕೊಂಡಿದ್ದರು. ನಾವು ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಪ್ರಕರಣದ ನಿಜವಾದ ತಿರುವು ಇದು ಎಂದು ನನ್ನ ಅಭಿಪ್ರಾಯ, ಆ ಮೊದಲ ದಿನದ್ದಲ್ಲ. ಅಂದು ಗೊತ್ತಾದದ್ದು ಕಿವಿ ಚುರುಕು ಎಂಬುದಷ್ಟೆ. ಇಂದು ಹಳೆಯ ತೀರ್ಪನ್ನು ಬಿಟ್ಟುಕೊಟ್ಟು, ಹಳೆಯ ವಿಧಾನವನ್ನು ಉಳಿಸಿಕೊಂಡರು.

ಆಮೇಲೆ

ಹದಿನಾಲ್ಕು ತಿಂಗಳಲ್ಲಿ ಅಕ್ಕ ಹನ್ನೊಂದು ಪೆಟ್ಟಿಗೆ ಶ್ರುತಿ ಮಾಡಿದ್ದಾರೆ. ಎರಡು ಚೆನ್ನಾಗಿ ಬರಲಿಲ್ಲ, ಗುರುಗಳು ಮತ್ತೆ ಮಾಡಿದರು. ಅಳಿಯ ವಿಡಿಯೊ ಮಾಡಿ ಹಾಕೋಣ, ದೊಡ್ಡದಾಗಿ ಶುರು ಮಾಡೋಣ ಎಂದರಂತೆ. ಅಕ್ಕ ಒಪ್ಪಲಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ, ಮಧ್ಯಾಹ್ನದ ತನಕ ಮಾತ್ರ, ಕಿವಿ ದಣಿದರೆ ಬಂದ್. ಶಿಫ್ಟಿನ ಶಿಸ್ತು.

ನಷ್ಟವೂ ಇದೆ. ಒಂದೇ ಸ್ವರ ಗಂಟೆಗಟ್ಟಲೆ ನುಡಿದರೆ ಮನೆಯವರಿಗೆ ತಲೆ ಚಿಟ್ಟು ಹಿಡಿಯುತ್ತದೆ, ಬಾಗಿಲು ಮುಚ್ಚಿ ಕೂರಬೇಕು. ಇನ್ನೊಂದು ವಿಷಯ, ಅಕ್ಕನಿಗೆ ಸಂಗೀತ ಕೇಳುವುದು ಮೊದಲಿಗಿಂತ ಕಷ್ಟವಾಗಿದೆ. ಹಾಡು ಕೇಳಿಸುವುದಿಲ್ಲ, ಪೆಟ್ಟಿಗೆ ಮಾತ್ರ ಕೇಳಿಸುತ್ತದೆ ಎನ್ನುತ್ತಾರೆ. ಹಾಡಲು ಇಂದಿಗೂ ಬರುವುದಿಲ್ಲ. ಸ್ವರವನ್ನು ಕೇಳಿ ತೂಗುವುದು ಬೇರೆ, ಗಂಟಲಲ್ಲಿ ತರುವುದು ಬೇರೆ. ಗಾಯನದಲ್ಲಿ ಸೋತವರನ್ನು ‘ಕಿವಿ ಇಲ್ಲ’ ಎಂದು ತೀರ್ಮಾನಿಸಿದ್ದು ನಮ್ಮ ತಪ್ಪು.

ಅರ್ಜಿಯನ್ನು ಬದಲಿಸಿದೆವು. ‘ಹವ್ಯಾಸಗಳು’ ಎಂಬ ಕಾಲಂ ಬಿಡುವು ಇದ್ದವರಿಗೆ ಮಾಡಿದ್ದು. ದುಡಿಮೆಯಲ್ಲೇ ಮೂವತ್ತು ವರ್ಷ ಕಳೆದವರು ಅಲ್ಲಿ ಗೀಟು ಎಳೆಯದೆ ಇನ್ನೇನು ಮಾಡುತ್ತಾರೆ? ಈಗ ಎರಡು ಪ್ರಶ್ನೆ ಕೇಳುತ್ತೇವೆ: ಕೆಲಸದಲ್ಲಿ ಯಾವ ಸಮಸ್ಯೆ ಬಂದರೆ ನಿಮ್ಮನ್ನೇ ಕರೆಯುತ್ತಿದ್ದರು? ಬೇರೆಯವರು ಗಮನಿಸದ ಯಾವ ತಪ್ಪು ನಿಮಗೆ ಕಿರಿಕಿರಿ ಮಾಡುತ್ತದೆ? ಎರಡನೆಯದಕ್ಕೆ ಬರುವ ಉತ್ತರಗಳು ನಗು ತರಿಸುತ್ತವೆ. ಉಪಯೋಗಕ್ಕೆ ಬರುವುದೂ ಹೆಚ್ಚಾಗಿ ಅವೇ.

ಹೊರಗಿನ ಉದಾಹರಣೆಗಳನ್ನು ಮತ್ತೆ ತಿರುವಿದಾಗ ಇದೇ ಜಾಡು ಕಂಡಿತು. ‘ಗ್ರಾಂಡ್ಮಾ ಮೋಸೆಸ್’ ಎಂದು ಹೆಸರಾದ ಅಮೆರಿಕದ ಅನ್ನಾ ಮೇರಿ ರಾಬರ್ಟ್‌ಸನ್ ಮೋಸೆಸ್ 80ರ ಹತ್ತಿರ ಬಂದಾಗ ಕುಂಚ ಹಿಡಿದು ಕೂತರು ಎಂಬುದನ್ನು ಪವಾಡದಂತೆ ಹೇಳುತ್ತಾರೆ. ಅದಕ್ಕೆ ಮೊದಲು ಅವರು ಉಣ್ಣೆ ದಾರದಲ್ಲಿ ಚಿತ್ರ ಕಸೂತಿ ಮಾಡುತ್ತಿದ್ದರು, ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾದಾಗ ಬಣ್ಣಕ್ಕೆ ಬಂದರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. 18ನೇ ಶತಮಾನದ ಇಂಗ್ಲೆಂಡಿನ ಮೇರಿ ಡೆಲನಿ ಬಣ್ಣದ ಕಾಗದ ಕತ್ತರಿಸಿ ಹೂಗಿಡಗಳ ಚಿತ್ರ ಮಾಡಲು ಶುರು ಮಾಡಿದ್ದು 70 ದಾಟಿದ ಮೇಲೆ. ಮುಂದಿನ ಹತ್ತು ವರ್ಷದಲ್ಲಿ ಸಾವಿರದ ಹತ್ತಿರ ಮಾಡಿದರು, ಈಗ ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆ ಕೈ ಅದಕ್ಕೂ ಮೊದಲು ಕಸೂತಿಯಲ್ಲಿ, ಕಾಗದದ ಕತ್ತರಿ ಕೆಲಸದಲ್ಲಿ ಪಳಗಿತ್ತು. ಕೈ ಹಳೆಯದು, ಸಾಮಗ್ರಿ ಹೊಸದು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪಿಯಾನೊ ಶ್ರುತಿ ಮಾಡುವವರ ಮೆದುಳನ್ನು ನೋಡಿ, ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಕಂಡ ವ್ಯತ್ಯಾಸ ಅವರು ಆ ಕೆಲಸ ಮಾಡಿದ ವರ್ಷಗಳ ಜೊತೆ ಹೊಂದಿಕೊಳ್ಳುತ್ತದೆ ಎಂದು ತೋರಿಸಿತು. ಮೋಟರಿನ ಬೆಂಚಿನಲ್ಲಿ ಕೂತವರನ್ನು ಹಾಗೆ ಯಾರಾದರೂ ನೋಡಲಿ ಎಂದು ನನ್ನ ಆಸೆ.

ಈ ಕ್ಷೇತ್ರದಲ್ಲಿ ಇರುವವರಿಗಾಗಿ ಒಂದು ಎಚ್ಚರಿಕೆ. ಹಿಂದಿನ ಯಾವ ನಂಟೂ ಇಲ್ಲದೆ, ಇಳಿವಯಸ್ಸಿನಲ್ಲಿ ಕಲೆಯ ಗೀಳು ಧುತ್ತೆಂದು ಹತ್ತಿದರೆ ಸಂಭ್ರಮಿಸುವ ಮೊದಲು ಮನೆಯವರನ್ನು ಮಾತಾಡಿಸಬೇಕು. ಮೆದುಳಿನ ಮುಂಭಾಗ ಮತ್ತು ಕಿವಿಯ ಪಕ್ಕದ ಭಾಗ ಕ್ಷೀಣಿಸುವ ಒಂದು ಬಗೆಯ ಮರೆವಿನ ಕಾಯಿಲೆಯಲ್ಲಿ ಹೀಗೆ ಹೊಸ ಕಲಾಸಕ್ತಿ ಕಾಣಿಸಿಕೊಂಡ ರೋಗಿಗಳನ್ನು ವೈದ್ಯರು 1990ರ ದಶಕದಿಂದ ದಾಖಲಿಸಿದ್ದಾರೆ. ಅಂಥವರಲ್ಲಿ ಸ್ವಭಾವ, ಮಾತು, ನಡತೆಗಳಲ್ಲೂ ಬದಲಾವಣೆ ಇರುತ್ತದೆ. ಅಕ್ಕನ ಮಗಳನ್ನು ಕೇಳಿದೆ. “ಬದಲಾವಣೆನಾ? ಮೊದಲಿನ ಹಾಗೇ ಹಠ” ಎಂದರು.

ಈಗ ಬಗೆಹರಿಯದೆ ಇರುವುದು ಶ್ರವಣ ಯಂತ್ರ. ಮೊಮ್ಮಗುವಿನ ಮಾತು ಸ್ಪಷ್ಟವಾಗಿ ಕೇಳಲಿ ಎಂದು ಎರಡು ತಿಂಗಳ ಹಿಂದೆ ಹಾಕಿಸಿಕೊಂಡರು. ಮರುದಿನ ಪೆಟ್ಟಿಗೆ ಮುಂದೆ ಕೂತರೆ, ತಾವೇ ಸರಿಮಾಡಿದ್ದ ಮನೆಗಳೆಲ್ಲ ಅಲುಗುತ್ತಿವೆ! ಕೆಲಸವೆಲ್ಲ ಕೆಟ್ಟಿತೆಂದು ನಾಲ್ಕು ರೀಡು ಕೆರೆದೂ ಬಿಟ್ಟರು. ಯಂತ್ರ ಶಿಳ್ಳೆ ಹೊಡೆಯದಿರಲಿ ಎಂದು ಅದರೊಳಗೆ ಒಂದು ವ್ಯವಸ್ಥೆ ಇರುತ್ತದೆ. ಎಳೆದು ನುಡಿಯುವ ವಾದ್ಯದ ಸ್ವರವನ್ನೂ ಅದು ಶಿಳ್ಳೆಯೆಂದು ತಪ್ಪು ತಿಳಿದು ಅಳಿಸಲು ಹೋಗಬಹುದು, ಆಗ ದನಿ ನಡುಗುತ್ತದೆ. ಗೊತ್ತಾದ ಮೇಲೆ ಯಂತ್ರವನ್ನು ಕಳಚಿ ಡಬ್ಬಿಗೆ ಹಾಕಿ, ಹಳೆಯ ಸ್ಕ್ರೂಡ್ರೈವರಿನ ತುದಿಯನ್ನು ರೀಡು ಹಲಗೆಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕ ಆನಿಸಿ ಕೇಳಿದರಂತೆ. ನಾಲ್ಕನ್ನೂ ಮತ್ತೆ ಸರಿಮಾಡಲು ಮೂರು ದಿನ ಹಿಡಿಯಿತು.

ಸಂಗೀತಕ್ಕೆಂದೇ ಆ ವ್ಯವಸ್ಥೆಯನ್ನು ತಗ್ಗಿಸಿ ಯಂತ್ರವನ್ನು ಹೊಂದಿಸಬಹುದು ಎಂದು ಪರೀಕ್ಷಕರು ಹೇಳಿದ್ದಾರೆ. ಮುಂದಿನ ತಿಂಗಳು ದಿನ ಗೊತ್ತಾಗಿದೆ. ಅಕ್ಕ ಅಲ್ಲಿಗೆ ಒಂದು ಪುಟ್ಟ ಶ್ರುತಿಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾರಂತೆ, ಯಂತ್ರ ಪಾಸೋ ಫೇಲೋ ಅಲ್ಲೇ ಹೇಳಿಬಿಡಲು.